ಎಡಕ್ಕೆ ಮಾತ್ರ ತಿರುಗುತ್ತಿದ್ದ ಸೈಕಲ್ಲು

ಇಡೀ ಊರಿಗೆ ಮೂರೇ ಸೈಕಲ್ಲು ಇದ್ದ ದಿನಗಳನ್ನು ಕಂಡವರಿಗೆ ನಾನು ಹೇಳುವುದು ಬೇಗ ಅರ್ಥವಾಗುತ್ತದೆ. ಯಾರ ಸೈಕಲ್ಲು ಬರುತ್ತಿದೆ ಎಂಬುದನ್ನು ಒಳಗೆ ಉಣ್ಣುತ್ತಾ ಕುಳಿತಲ್ಲಿಂದಲೇ ಹೇಳುತ್ತಿದ್ದೆವು. ಗೌಡರದು ಸದ್ದೇ ಮಾಡುತ್ತಿರಲಿಲ್ಲ. ಅಂಚೆಯವನ ಮಡ್ಗಾರ್ಡು ಗಡಗಡ ಎನ್ನುತ್ತಿತ್ತು. ಮೂರನೆಯದು ನಮ್ಮದು, ಅದರ ಚೈನು ಸುತ್ತಿಗೊಂದು ಸಲ ‘ಕಿರ್’ ಎನ್ನುತ್ತಿತ್ತು. ನಮ್ಮೂರಿನ ಮೇಷ್ಟ್ರು ವರ್ಗವಾಗಿ ಹೋಗುವಾಗ ಅಪ್ಪನಿಗೆ ಕೊಟ್ಟು ಹೋದ ಸೈಕಲ್ಲು ಅದು.

ನನಗೀಗ ಎಪ್ಪತ್ತನಾಲ್ಕು. ಮನೆ ಕೂಡ್ಲಿಗಿಯಲ್ಲಿ. ಐದಕ್ಕೆ ಏಳುತ್ತೇನೆ, ಐದೂವರೆಗೆ ಸೈಕಲ್ಲು ಹೊರಗೆ ತೆಗೆಯುತ್ತೇನೆ. ಹಾಲು, ಹಿಟ್ಟಿನ ಗಿರಣಿ, ಬ್ಯಾಂಕು, ಎಲ್ಲಕ್ಕೂ ಸೈಕಲ್ಲೇ. ಬಸ್ ಸ್ಟ್ಯಾಂಡಿನ ಹುಡುಗರು, “ತಾತ, ಇನ್ನಾ ತುಳೀತೀಯಲ್ಲ, ಏನ್ ತಿಂತೀಯಪ್ಪಾ?” ಎಂದು ಕೇಳುತ್ತಾರೆ. “ರೊಟ್ಟಿ” ಎನ್ನುತ್ತೇನೆ. ಅದು ಪೂರ್ತಿ ಉತ್ತರವಲ್ಲ. ನನ್ನ ಕಾಲು ಇಂದಿಗೂ ಆಡುತ್ತಿದ್ದರೆ ಅದಕ್ಕೆ ಒಬ್ಬಳು ನನ್ನ ಹಿಂದೆ ಓಡಿದ್ದು ಕಾರಣ. ಹಾಗೆ ಓಡಿದವಳಿಗೆ ಇವತ್ತು ಮಂಚದಿಂದ ಬಾಗಿಲಿಗೆ ಬರುವುದು ಕಷ್ಟ.

ಅವಳು ನನ್ನ ಅಕ್ಕ, ಗಂಗಕ್ಕ. ನನಗಿಂತ ಎರಡು ವರ್ಷ ದೊಡ್ಡವಳು. ತಂಗಿ ಹುಟ್ಟಿದಾಗ ಕೂಸನ್ನು ಆಡಿಸಲು ಎರಡು ವರ್ಷ ಮನೆಯಲ್ಲಿ ನಿಂತದ್ದರಿಂದ ನನ್ನದೇ ತರಗತಿಗೆ ಬಂದಿದ್ದಳು. ಊರಿನ ಶಾಲೆ ಏಳಕ್ಕೆ ಮುಗಿಯುತ್ತಿತ್ತು. ಹೈಸ್ಕೂಲು ಇದ್ದದ್ದು ಹೊಸಹಳ್ಳಿಯಲ್ಲಿ, ಐದು ಮೈಲಿ ದೂರ. ಬಸ್ಸಿರಲಿಲ್ಲ. ಏಳನೆಯ ತರಗತಿಯ ಆ ವರ್ಷ, ಶಿವರಾತ್ರಿ ಕಳೆದ ಮೇಲೆ ಒಂದು ದಿನ ಅಪ್ಪ ಊಟಕ್ಕೆ ಕುಳಿತಾಗ ತೀರ್ಮಾನ ಹೇಳಿದ.

“ತಿಪ್ಪೇಶಿ ಸೈಕಲ್ ಕಲೀಲಿ. ಅಕ್ಕನ್ನ ಹಿಂದ ಕುಂದ್ರಿಸ್ಕಂಡು ಹೋಗ್ಲಿ. ಹೆಣ್ಣುಡುಗಿ ಒಬ್ಬಾಕಿ ರೋಡ್ ಹಿಡದ್ಲು ಅಂತ ಕಿವಿಗೆ ಬಿದ್ರ ಮಾತ್ರ ಅವತ್ತೇ ಸಾಲಿ ಬಂದ್.”

“ನಾನೂ ಕಲೀತೀನಪ್ಪ,” ಎಂದಳು ಗಂಗಕ್ಕ. “ನಡಕಂತ ಹೋದ್ರ ಒಬ್ಬಾಕಿ. ಸೈಕಲ್ ಮ್ಯಾಲ ಹೋಗಾಕಿನ್ನ ಯಾರು ನಿಂದ್ರಿಸಿ ಮಾತಾಡಸ್ತಾರ?”

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅವಳನ್ನು ನೋಡಿದ. ಬೈಯುತ್ತಾನೆ ಅಂದುಕೊಂಡೆ. “ಮೊದ್ಲು ಅವ ಕಲೀಲಿ. ಆಮ್ಯಾಲ ನೀನು. ಮಳಿ ಬೀಳಾದ್ರಾಗ ಕಲಿತ್ರ ನೋಡಾಣು,” ಎಂದ. ಗಂಗಕ್ಕ ಒಳಗೆ ಹೋಗಿ ಅವ್ವನಿಗೆ ಏನೋ ಹೇಳಿ ನಕ್ಕದ್ದು ಕೇಳಿಸಿತು.

ಮಳೆಯ ಗಡುವಿಗೆ ಕಾರಣವಿತ್ತು. ಕಲಿಯಲು ಇದ್ದ ಒಂದೇ ಜಾಗ ನಮ್ಮ ಕಣ. ಜೋಳ ಒಕ್ಕಿ ರಾಶಿ ಮನೆಗೆ ಹೋಗಿತ್ತು. ಸಗಣಿ ಬಳಿದು ಎತ್ತು ತುಳಿದ ನೆಲ ಗಾರೆ ಹಾಕಿದಂತೆ ಗಟ್ಟಿಯಾಗಿತ್ತು. ಮೊದಲ ಮಳೆ ಬಿದ್ದೊಡನೆ ಅದನ್ನು ಹರಗಿ ಹೊಲಕ್ಕೆ ಸೇರಿಸಿಬಿಡುತ್ತಿದ್ದರು. ಆಮೇಲೆ ಎಲ್ಲೆಲ್ಲೂ ಮಣ್ಣು, ಕಲ್ಲು, ಜಾಲಿಮುಳ್ಳು.

ಬೆಳಗಿನ ಹೊತ್ತು ಆ ಕಣದ ವಾಸನೆ ಈಗಲೂ ಮೂಗಿನಲ್ಲಿದೆ. ಒಣಗಿದ ಸಗಣಿ, ಜೋಳದ ಹೊಟ್ಟು, ರಾತ್ರಿಯ ತಂಪು. ಕಣಕ್ಕೆ ಚಪ್ಪಲಿ ಮೆಟ್ಟಿ ಹೋಗುವಂತಿರಲಿಲ್ಲ, ಇಬ್ಬರೂ ಬರಿಗಾಲು. ಗಂಗಕ್ಕ ಉಡಿಯಲ್ಲಿ ಹುರಿದ ಶೇಂಗಾ, ಒಂದು ಚೂರು ಬೆಲ್ಲ ಕಟ್ಟಿಕೊಂಡು ಬರುತ್ತಿದ್ದಳು. ಬೀಳದೆ ಒಂದು ಸುತ್ತು ಬಂದರೆ ನಾಲ್ಕು ಶೇಂಗಾ. ಬಿದ್ದರೆ ಅವು ಅವಳ ಬಾಯಿಗೆ. ಮೊದಲ ವಾರ ಶೇಂಗಾ ಎಲ್ಲ ಅವಳೇ ತಿಂದಳು.

ಸೀಟು ನನ್ನ ಎದೆಯ ಮಟ್ಟಕ್ಕಿತ್ತು. ಚೌಕಟ್ಟಿನೊಳಗೆ ಕಾಲು ತೂರಿಸಿ ಒಳಪೆಡ್ಲು ತುಳಿಯಬೇಕಿತ್ತು. ಅವಳು ಹಿಂದೆ ಕ್ಯಾರಿಯರ್ ಹಿಡಿದು ಓಡುತ್ತಿದ್ದಳು. ಕಣದ ನಡುವೆ ಮೇಟಿ, ಅಂದರೆ ಎತ್ತು ಕಟ್ಟಿ ಸುತ್ತಿಸುವ ಕಂಬ. ಇಷ್ಟು ದೊಡ್ಡ ಕಣದಲ್ಲಿ ನಾನು ಹೋಗಿ ಹೋಗಿ ಅದಕ್ಕೇ ಗುದ್ದುತ್ತಿದ್ದೆ.

“ಲೇ, ಮೇಟಿ ನೋಡಬ್ಯಾಡಲೇ! ಅದೇನು ನಿನ್ನ ಬೀಗರೇನು? ಮುಂದ ನೋಡು!”

“ಬಿಡಬ್ಯಾಡಕ್ಕಾ! ಹಿಡ್ಕಂಡೀಯಾ?”

“ಹಿಡ್ಕಂಡೀನಿ, ಹಿಡ್ಕಂಡೀನಿ, ತುಳಿ.”

ಹನ್ನೊಂದನೆಯ ದಿನ ಆ ‘ಹಿಡ್ಕಂಡೀನಿ’ ದೂರದಿಂದ ಬಂತು. ತಿರುಗಿ ನೋಡಿದರೆ ಅವಳು ಮೇಟಿಗೆ ಒರಗಿ ಶೇಂಗಾ ಸುಲಿಯುತ್ತಾ ನಿಂತಿದ್ದಳು. ನೋಡಿದ ಕೂಡಲೇ ಬಿದ್ದೆ. ಆದರೆ ಕಲಿತಿದ್ದೆ.

ಕಲಿತೆ ಎಂದುಕೊಂಡು ಮಾರನೆಯ ದಿನ ಸೈಕಲ್ಲನ್ನು ಊರೊಳಗೆ ತಂದೆ. ಬಾವಿಯ ಬಳಿ ಬಲಕ್ಕೆ ತಿರುಗಬೇಕು. ಹ್ಯಾಂಡಲ್ಲು ತಿರುಗಲಿಲ್ಲ. ಅಲ್ಲ, ಹ್ಯಾಂಡಲ್ಲೇನೋ ತಿರುಗುತ್ತಿತ್ತು, ನನ್ನ ಮೈ ತಿರುಗಲೊಲ್ಲದು. ಮೇಟಿಯನ್ನು ಎಡಕ್ಕಿಟ್ಟುಕೊಂಡು ಎತ್ತು ಹೇಗೆ ಸುತ್ತುತ್ತದೆಯೋ ಹಾಗೆ ಹನ್ನೊಂದು ದಿನ ಎಡಕ್ಕೇ ಸುತ್ತಿದ್ದೆ. ಕಣದಲ್ಲಿ ಹಾಗಲ್ಲದೆ ಬೇರೆ ರೀತಿ ಸುತ್ತಬಹುದು ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ಬಾವಿಯ ಬಳಿ ಎಡಕ್ಕೆ ತಿರುಗಿದೆ, ಮತ್ತೆ ಎಡಕ್ಕೆ ತಿರುಗಿದೆ, ಮೂರನೆಯ ಸಲ ತಿರುಗಿ ಗೌಡರ ತಿಪ್ಪೆಯೊಳಗೆ ಹೋಗಿ ನಿಂತೆ. ನೀರಿಗೆ ಬಂದವರೆಲ್ಲ ಕೊಡ ಕೆಳಗಿಟ್ಟು ನಕ್ಕರು. ಓರಗೆಯ ಹುಡುಗರಿಗೆ ಹಬ್ಬ.

“ಎತ್ತು ಬಂತಲೇ ಎತ್ತು! ಮೇಟಿ ಎಲ್ಲೈತಲೇ ತಿಪ್ಪೇಶಿ?”

ಗಂಗಕ್ಕನೂ ನಕ್ಕಳು, ಆದರೆ ಮರುದಿನ ಬೆಳಿಗ್ಗೆ ಮತ್ತೆ ಕಣಕ್ಕೆ ಎಳೆದುಕೊಂಡು ಹೋದಳು. “ಎತ್ತು ತಿರುವಿ ತಿರುಗಂಗಿಲ್ಲ. ನೀ ತಿರುಗು,” ಎಂದು ಬಲಕ್ಕೆ ಸುತ್ತಿಸಿದಳು. ಇನ್ನೂ ನಾಲ್ಕು ದಿನ ಅವಳು ಓಡಿದಳು. ಆ ನಾಲ್ಕು ದಿನ ಅವಳ ಪಾಲಿನಿಂದ ಹೋದವು ಎಂದು ನನಗೆ ಆಗ ತಿಳಿಯಲಿಲ್ಲ.

ನಂತರ ಅವಳ ಸರದಿ. ನಾನು ಹಿಡಿಯಬೇಕು, ಅವಳು ತುಳಿಯಬೇಕು. “ನಾಳಿ” ಎಂದೆ. ಮರುದಿನವೂ “ನಾಳಿ” ಎಂದೆ. ಎತ್ತು ಎಂದು ಕರೆಸಿಕೊಂಡವನಿಗೆ ಮತ್ತೆ ಕಣಕ್ಕೆ ಹೋಗಲು, ಅದೂ ಅಕ್ಕನ ಹಿಂದೆ ಓಡಲು ನಾಚಿಕೆ. ಅದನ್ನು ಬಾಯಿಬಿಟ್ಟು ಹೇಳುವ ಬದಲು ನಾನೊಂದು ಉಪಾಯ ಮಾಡಿದೆ. ವರ್ಗವಾಗಿ ಹೋದ ಮೇಷ್ಟ್ರು ವೇಳಾಪಟ್ಟಿಯ ಮನುಷ್ಯ. ಗಂಟೆ ಬಾರಿಸಿದ ಮೇಲೆ ಬಂದವರಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಅವರಂತೆಯೇ ಇದ್ದಿಲಿನಿಂದ ಪಡಸಾಲೆಯ ಗೋಡೆಯ ಮೇಲೆ ನನ್ನ ದಿನಚರಿ ಬರೆದೆ. ಐದೂವರೆಗೆ ಸೈಕಲ್ ಸವಾರಿ. ಆರೂವರೆಗೆ ಸ್ನಾನ. ಏಳಕ್ಕೆ ಓದು. ಏಳರ ಪರೀಕ್ಷೆ ಹತ್ತಿರವಿತ್ತು, ಅಪ್ಪನಿಗೆ ಬಹಳ ಖುಷಿಯಾಯಿತು.

ಗಂಗಕ್ಕ ಕಸಬರಿಗೆ ಹಿಡಿದು ಅದರ ಮುಂದೆ ನಿಂತು ಮೇಲಿನಿಂದ ಕೆಳಗೆ ಓದಿದಳು.

“ಇದ್ರಾಗ ನಾನೆಲ್ಲಿ ಅದೀನಿ?”

“ಪರೀಕ್ಷಿ ಮುಗೀಲಿ.”

“ಮಳಿ ಬಂದ್ರ?”

“ಇಷ್ಟು ಲಗೂನ ಎಲ್ಲಿ ಬರ್ತದ?”

ಪರೀಕ್ಷೆ ಮುಗಿದ ಮೂರನೆಯ ದಿನ ಮಧ್ಯಾಹ್ನ ಗುಡುಗಿತು. ಆ ವರ್ಷ ಮಳೆ ಬೇಗ ಬಂತು, ಚೆನ್ನಾಗಿಯೇ ಬಂತು, ಊರೆಲ್ಲ ಹಿಗ್ಗಿತು. ಎರಡು ದಿನ ಬಿಟ್ಟು ಅಪ್ಪ ಮೇಟಿ ಕಿತ್ತು ಕಣ ಹರಗಿದ. ಗಂಗಕ್ಕ ಬುತ್ತಿ ಕೊಡಲು ಹೋದವಳು ಬದುವಿನ ಮೇಲೆ ನಿಂತು ನೋಡಿ ಬಂದಳು.

ಇಬ್ಬರೂ ಪಾಸಾದೆವು. ಹೊಸಹಳ್ಳಿಗೆ ಹೋಗತೊಡಗಿದೆವು. ಕ್ಯಾರಿಯರಿನ ಮೇಲೆ ಅವಳು ಹಳೆಯ ಸೀರೆಯ ಚೂರನ್ನು ನಾಲ್ಕು ಮಡಿಕೆ ಮಾಡಿ ಹೊಲಿದ ಗಾದಿ ಹಾಕಿಕೊಂಡಿದ್ದಳು. ಮಡಿಲಲ್ಲಿ ಇಬ್ಬರ ಪುಸ್ತಕ, ಇಬ್ಬರ ಬುತ್ತಿ. ಏರು ಬಂದಾಗ ತಾನೇ ಇಳಿದು ಹಿಂದಿನಿಂದ ನೂಕುತ್ತಿದ್ದಳು. ದಾರಿಯುದ್ದಕ್ಕೂ ಮಗ್ಗಿ ಕೇಳುತ್ತಿದ್ದಳು. ತಪ್ಪಿದರೆ ಬೆನ್ನಿಗೆ ಗುದ್ದು. ಲೆಕ್ಕದಲ್ಲಿ ಅವಳು ನನಗಿಂತ ಮುಂದಿದ್ದಳು, ನಮ್ಮ ತರಗತಿಗೇ ಮುಂದಿದ್ದಳು.

ಹೊರಡುವ ಹೊತ್ತನ್ನು ನಾನು ಗೊತ್ತು ಮಾಡಿದ್ದೆ. ಗೌಡರ ಮನೆಯ ರೇಡಿಯೋದಲ್ಲಿ ಬೆಳಗಿನ ವಾರ್ತೆ ಮುಗಿದ ಕೂಡಲೇ ಸೈಕಲ್ಲು ಅಂಗಳ ಬಿಡಬೇಕು. ಅವಳು ಎದ್ದು ಕಸ, ಸಗಣಿ, ನೀರು, ರೊಟ್ಟಿ ಎಲ್ಲ ಮುಗಿಸಿ ಬರಬೇಕು. ನಾನು ಮುಖ ತೊಳೆದು ತಲೆ ಬಾಚಿಕೊಂಡು ನಿಂತಿರುತ್ತಿದ್ದೆ. ಆದರೂ ಆರು ತಿಂಗಳಲ್ಲಿ ಅವಳು ಒಂದು ದಿನವೂ ತಡ ಮಾಡಲಿಲ್ಲ.

ಆರು ತಿಂಗಳ ಪರೀಕ್ಷೆಯ ಲೆಕ್ಕದ ದಿನ ಅವ್ವನಿಗೆ ಜ್ವರ. ವಾರ್ತೆ ಮುಗಿಯಿತು. ನಾನು ಬೆಲ್ ಬಾರಿಸಿದೆ.

“ಅಕ್ಕಾ, ಹೊತ್ತಾತು!”

ಒಳಗಿನಿಂದ ರೊಟ್ಟಿ ಬಡಿಯುವ ಸದ್ದಿನ ಜೊತೆ ಅವಳ ದನಿ ಬಂತು. “ಬಂದ್ನಿ ತಡಿಯಲೇ, ಎರಡು ರೊಟ್ಟಿ ಅದಾವ.”

ನೂರರ ತನಕ ಎಣಿಸುತ್ತೇನೆ ಎಂದುಕೊಂಡೆ. ಎಣಿಸಿದೆ. ಒಂದು ಅಂಕಿಯನ್ನೂ ಹಾರಿಸಲಿಲ್ಲ. ಆ ನ್ಯಾಯದ ಬಗ್ಗೆ ನನಗೆ ಹೆಮ್ಮೆಯಿತ್ತು. ನೂರು ಆದ ಮೇಲೆ ಕಾಲೆತ್ತಿ ಹಾಕಿ ಹೊರಟುಬಿಟ್ಟೆ. ಹಿಂದಿನ ಭಾರವಿಲ್ಲದೆ ಸೈಕಲ್ಲು ಹಗುರಾಗಿ ಓಡಿತು. ಅರ್ಧ ದಾರಿಯ ಮೇಲೆ ಬುತ್ತಿ ಬಿಟ್ಟು ಬಂದದ್ದು ನೆನಪಾಯಿತು. ತಿರುಗಲಿಲ್ಲ.

ಪರೀಕ್ಷೆ ಶುರುವಾಗಿ ಎಷ್ಟೋ ಹೊತ್ತಿನ ಮೇಲೆ ಬಾಗಿಲಲ್ಲಿ ನೆರಳು ಕಂಡಿತು. ಗಂಗಕ್ಕ. ಕೈಯಲ್ಲಿ ಚಪ್ಪಲಿ, ಮೊಣಕಾಲಿನ ತನಕ ಕೆಂಧೂಳು, ಎದೆ ಏರಿಳಿಯುತ್ತಿತ್ತು. ಐದು ಮೈಲಿ ಓಡಿ ಬಂದಿದ್ದಳು. ಹೈಸ್ಕೂಲಿನ ಮೇಷ್ಟ್ರು ಏನೂ ಕೇಳದೆ ಹಾಳೆ ಕೊಟ್ಟರು. ಪರೀಕ್ಷೆ ಮುಗಿದ ಮೇಲೆ ಬೇವಿನ ಮರದ ಕೆಳಗೆ ನನ್ನ ಹತ್ತಿರ ಬಂದು ಗಂಟು ಚಾಚಿದಳು.

“ತಗಾ, ನಿನ್ನ ಬುತ್ತಿ.”

ಪುಂಡಿಪಲ್ಯ, ಎರಡು ರೊಟ್ಟಿ. ಅವು ಇನ್ನೂ ಮೆತ್ತಗಿದ್ದವು.

ಮನೆಯಲ್ಲಿ ಅವಳು ಹೇಳಲಿಲ್ಲ. ಆದರೆ ಸಂಜೆ ಕುರಿ ಹೊಡೆದುಕೊಂಡು ಬಂದ ಒಬ್ಬ ಮುದುಕ ಕಳಕಳಿಯಿಂದಲೇ ಅಪ್ಪನನ್ನು ಕೇಳಿದ: “ನಿನ್ನ ಮಗಳು ಒಬ್ಬಾಕೀನ ರೋಡ್ನಾಗ ಓಡಿ ಹೊಂಟಿದ್ಲಲ್ಲಪ್ಪ, ಮನ್ಯಾಗೆಲ್ಲ ಹುಷಾರದಾರೇನು?”

ಅಪ್ಪ ಒಳಗೆ ಬಂದು ನನ್ನನ್ನು ನೋಡಿದ. “ಬಿಟ್ಟು ಹೋದ್ಯಾ?”

“ಹೊತ್ತಾಗಿತ್ತು.”

ನನಗೆ ಎರಡು ಏಟು ಬಿದ್ದವು. ಅಷ್ಟರಲ್ಲೇ ಮುಗಿದಿದ್ದರೆ ಇದನ್ನು ನಾನು ಬರೆಯುತ್ತಲೇ ಇರಲಿಲ್ಲ. ಅಪ್ಪ ಗಂಗಕ್ಕನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, “ನಾಳಿಂದ ಸಾಲಿ ಬ್ಯಾಡವ್ವ,” ಎಂದ.

“ನಾಳಿ ವಿಜ್ಞಾನ ಐತಪ್ಪ.”

“ಇರ್ಲಿ.”

ಆಗ ನಾನು ಒಂದು ಮಾತು ಆಡಬಹುದಿತ್ತು. ತಪ್ಪು ನನ್ನದು, ಇನ್ನು ಬಿಡುವುದಿಲ್ಲ ಎನ್ನಬಹುದಿತ್ತು. ಉರಿಯುತ್ತಿದ್ದ ಕಪಾಳ ಒತ್ತಿಕೊಂಡು ಹೊರಗೆ ಹೋದೆ. ಮರುದಿನ ಬೆಳಿಗ್ಗೆ ಅವಳೇ ಕ್ಯಾರಿಯರಿನ ಗಾದಿಯನ್ನು ಬಿಚ್ಚಿ, ನನ್ನ ಪುಸ್ತಕಗಳನ್ನು ಅಲ್ಲಿ ಬಿಗಿಯಾಗಿ ಕಟ್ಟಿದಳು. ವಾರ್ತೆ ಇನ್ನೂ ಮುಗಿದಿರಲಿಲ್ಲ. ಲೆಕ್ಕದ ಉತ್ತರಪತ್ರಿಕೆ ಕೊಟ್ಟ ದಿನ ಅವಳದನ್ನೂ ನಾನೇ ತಂದೆ. ತಡವಾಗಿ ಬಂದು ಬರೆದದ್ದರಲ್ಲೂ ನನಗಿಂತ ಎಂಟು ಅಂಕ ಹೆಚ್ಚಿತ್ತು. ಅವಳು ಒಂದು ಸಲ ನೋಡಿ, ಮಡಿಚಿ, ನೆಲುವಿನ ಮೇಲೆ ಇಟ್ಟಳು.

ಮೂರು ವರ್ಷದಲ್ಲಿ ಇಟ್ಟಿಗಿ ಎಂಬ ಊರಿಗೆ ಮದುವೆಯಾಗಿ ಹೋದಳು. ನಾನು ಓದಿದೆ, ಸರ್ಕಾರಿ ಕೆಲಸ ಹಿಡಿದೆ, ಹೋದ ಊರಿನಲ್ಲೆಲ್ಲ ಹೊತ್ತಿಗೆ ಸರಿಯಾಗಿ ಬರುವವನು ಎಂದು ಹೆಸರು ಪಡೆದೆ. ನಿವೃತ್ತಿಯ ದಿನ ಎಲ್ಲರೂ ಅದನ್ನೇ ಹೊಗಳಿದರು. ಹಾರ ಹಾಕಿಸಿಕೊಂಡು ಕುಳಿತಾಗ ನನಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

ಹೋದ ತಿಂಗಳು ಇಟ್ಟಿಗಿಗೆ ಹೋಗಿದ್ದೆ. ಗಂಗಕ್ಕನ ಮೊಣಕಾಲು ಎರಡೂ ಹೋಗಿವೆ. ಕೂತಲ್ಲೇ ಕೂರಬಾರದು, ದಿನಾ ಸ್ವಲ್ಪ ಓಡಾಡಬೇಕು ಎಂದು ಡಾಕ್ಟರು ಹೇಳಿದ್ದಾರಂತೆ. ಕೋಲು ಹಿಡಿಯಲು ಅವಳಿಗೆ ಮನಸ್ಸಿಲ್ಲ. ಅಂಗಳದ ಗೋಡೆಗೆ ಮೊಮ್ಮಗಳ ಸೈಕಲ್ಲು ಒರಗಿತ್ತು. ಎರಡೂ ಗಾಲಿಯಲ್ಲಿ ಗಾಳಿಯಿಲ್ಲ, ಸೀಟಿನ ಮೇಲೆ ಕೋಳಿ. ಹುಡುಗಿ ಶಾಲೆಗೆ ವ್ಯಾನಿನಲ್ಲಿ ಹೋಗುತ್ತಾಳೆ. ನನಗೆ ಸುಮ್ಮನೆ ಕೂರಲಾಗದು. ಪಕ್ಕದ ಮನೆಯಿಂದ ಪಂಪು ತಂದು ಗಾಳಿ ಹೊಡೆದೆ, ಚೈನಿಗೆ ಎಣ್ಣೆ ಬಿಟ್ಟೆ.

ಕಟ್ಟೆಯ ಮೇಲಿಂದ ನೋಡುತ್ತಿದ್ದ ಗಂಗಕ್ಕ, “ಏನ್ಲೇ, ಈಗ ಹಿಡೀತೀಯೇನು? ವೇಳಾಪಟ್ಟಿನಾಗ ಬಂತೇನು ನನ್ನ ಪಾಳಿ?” ಎಂದಳು. ನಗುತ್ತಲೇ ಎಂದಳು. ಅರವತ್ತು ವರ್ಷಗಳಲ್ಲಿ ಆ ಮಾತು ಎತ್ತಿದ್ದು ಅದೇ ಮೊದಲು.

“ಬಾ,” ಎಂದೆ.

ಹತ್ತುವ ಮಾತೇ ಇರಲಿಲ್ಲ. ಎರಡೂ ಕೈಯಿಂದ ಹ್ಯಾಂಡಲ್ಲು ಹಿಡಿದು, ಅದರ ಮೇಲೆ ಭಾರ ಬಿಟ್ಟು, ಒಂದೊಂದೇ ಹೆಜ್ಜೆ ಇಟ್ಟಳು. ನಾನು ಹಿಂದೆ ಕ್ಯಾರಿಯರ್ ಹಿಡಿದು ನಡೆದೆ. ಓಡಬೇಕಾಗಿರಲಿಲ್ಲ. ಅಂಗಳದ ನಡುವಿನ ತುಳಸಿಕಟ್ಟೆಯನ್ನು ಎಡಕ್ಕೆ ಒಂದು ಸುತ್ತು ಹಾಕಿ ನಿಂತಳು.

“ಹಿಡ್ಕಂಡೀಯಾ?”

“ಹಿಡ್ಕಂಡೀನಿ.”

“ಹಂಗಾರ ಬಲಕ್ಕ ಒಂದು ಸುತ್ತು ಹೋಗಾಣು. ನಿನ್ನಂಗ ನಾನೇನು ಎತ್ತಲ್ಲ.”

ಎರಡನೆಯ ಸುತ್ತಿನ ಅರ್ಧದಲ್ಲಿ ಮೊಮ್ಮಗಳು ಬಾಗಿಲಿಂದ ಕೂಗಿದಳು, “ತಾತ, ನಿಮ್ಮ ಬಸ್ಸಿನ ಟೈಮ್ ಆತು!”

ಬಸ್ಸಿನ ಹಾರ್ನು ನನಗೂ ಕೇಳಿಸಿತ್ತು. ಅದು ಹೋಗುವ ತನಕ ಕ್ಯಾರಿಯರ್ ಬಿಡಲಿಲ್ಲ. ಒಂದು ಬಸ್ಸು ತಪ್ಪಿದರೆ ಏನೂ ಆಗುವುದಿಲ್ಲ, ತಾಸಿಗೊಂದು ಬರುತ್ತದೆ. ರಸ್ತೆಗಳು ಡಾಂಬರಾಗಿವೆ, ಹೆಣ್ಣುಮಕ್ಕಳು ಸ್ಕೂಟಿಯಲ್ಲಿ ಹಡಗಲಿಗೆ ಹೋಗಿ ಬರುತ್ತಾರೆ, ಯಾರೂ ತಲೆಯೆತ್ತಿ ನೋಡುವುದಿಲ್ಲ. ಕಣಗಳಿಲ್ಲ, ಮಿಷನ್ನು ಹೊಲದಲ್ಲೇ ಒಕ್ಕುತ್ತದೆ. ಅದಕ್ಕೆಲ್ಲ ನಾನು ಮರುಗುವುದಿಲ್ಲ. ಅವಳು ಎರಡು ರೊಟ್ಟಿಯಷ್ಟು ಹೊತ್ತು ಕೇಳಿದ್ದಳು. ಅದಕ್ಕೂ ಮೊದಲು ಕಣದಲ್ಲಿ ಸೈಕಲ್ಲು ಕಲಿಯಲು ಹತ್ತು ಬೆಳಗು ಕೇಳಿದ್ದಳು. ನನ್ನ ಹತ್ತಿರ ಎರಡೂ ಇದ್ದವು.