ಉಗ್ರಾಣದ ಗೋಡೆ ಕೆಡವಿದ ಬೇಸಿಗೆ

1938ರ ಜನವರಿಯಲ್ಲಿ ನನಗೆ ಗೋಕಾಕಕ್ಕೆ ವರ್ಗವಾಯಿತು. ಸರಕಾರಿ ಕಟ್ಟಡಗಳ ಖಾತೆಯಲ್ಲಿ ಓವರ್‌ಸಿಯರ್ ಹುದ್ದೆ; ವಯಸ್ಸು ಇಪ್ಪತ್ತಾರು. ನಕ್ಷೆ ಬರೆಯುವ ಇಂಜಿನಿಯರ್‌ಗೂ ಕಲ್ಲು ಎತ್ತುವ ಆಳಿಗೂ ನಡುವೆ ನಿಂತು ಕೆಲಸ ಮಾಡಿಸುವವನೇ ಓವರ್‌ಸಿಯರ್. ನನಗೆ ವಹಿಸಿದ ಮೊದಲ ಕೆಲಸ ಕಟ್ಟುವುದಲ್ಲ, ಕೆಡವುವುದು. ಪೇಟೆಯ ರಸ್ತೆಗೆ ಅಂಟಿಕೊಂಡು ಹಳೆಯ ಧಾನ್ಯದ ಉಗ್ರಾಣವೊಂದಿತ್ತು. ನಾಲ್ಕು ಅಡಿ ದಪ್ಪದ ಗೋಡೆಗಳು, ಎಲ್ಲವೂ ಈ ಭಾಗದ ಮರಳುಗಲ್ಲು. ಮಳೆಗಾಲದೊಳಗೆ ಅದನ್ನು ಕೆಡವಿ, ಅದೇ ಕಲ್ಲನ್ನು ಮತ್ತೆ ಕೆತ್ತಿ ಹೊಸ ಕಟ್ಟಡಕ್ಕೆ ಬಳಸಬೇಕಿತ್ತು.

ಇಪ್ಪತ್ತೆರಡು ಜನರ ತಂಡ ಬಂತು. ತಂಡದ ಮುಖ್ಯಸ್ಥನನ್ನು ಅಲ್ಲಿ ಮುಕಾದಮ ಎನ್ನುತ್ತಾರೆ. ನಮ್ಮ ಮುಕಾದಮ ಅರಭಾವಿ ಕಡೆಯ ದುರ್ಗಪ್ಪ, ನಲವತ್ತು ದಾಟಿದವನು. ಅವನ ಹೆಂಡತಿ ಹನಮವ್ವ ಒಡೆದ ಗಾರೆಯನ್ನು ಬುಟ್ಟಿಯಲ್ಲಿ ಹೊರುತ್ತಿದ್ದಳು. ಅವಳ ತಮ್ಮ ಭರಮಪ್ಪ ಸುತ್ತಿಗೆ ಹಿಡಿಯುತ್ತಿದ್ದ. ಮಾಳಿಗೆಯ ಚಾವಣಿ ಬಿಚ್ಚಿ ಇಳಿಸಿದ ಮೇಲೆ, ರಸ್ತೆಗೆ ಕಲ್ಲು ಉರುಳಬಾರದೆಂದು ಗೋಡೆಯನ್ನು ಒಳಗಿನಿಂದ ಒಡೆಯಲು ಹೇಳಿದೆ. ಕೆತ್ತನೆಯೂ ಒಳಗೇ, ಗೋಡೆಯ ನೆರಳಲ್ಲೇ ನಡೆಯಲಿ ಎಂದೆ. ಗಾಳಿ ಆಡದ ಜಾಗವೆಂಬುದು ನನಗೆ ಹೊಳೆಯಲಿಲ್ಲ.

ಮೊದಲ ದಿನವೇ ದುರ್ಗಪ್ಪ ಬಂದು ಕೇಳಿದ: "ಸಾಹೇಬ್ರ, ನೀರಿನ ಗಾಡಿ ಒಂದ್ ಕೊಡಸ್ರಿ. ಒಣಾ ಒಡದ್ರ ಧೂಳ ಭಾಳ ಏಳ್ತೈತಿ."

ನಮ್ಮಲ್ಲಿದ್ದದ್ದು ಒಂದೇ ಗಾಡಿ. ಅದು ಮೂಡಲಗಿ ರಸ್ತೆಯಲ್ಲಿ ರೋಲರ್ ಮುಂದೆ ಜಲ್ಲಿ ತೋಯಿಸುತ್ತಿತ್ತು. ನಾನು ನಕ್ಕೆ.

"ಧೂಳಿಗೆ ಯಾರ ಸಾಯ್ತಾರೋ ಮಾರಾಯಾ! ಬಾಯಿಗೊಂದ ವಸ್ತ್ರ ಕಟ್ಕೋರಿ."

ಅವನು ಹಾರೆ ಎತ್ತಿಕೊಂಡು ಒಳಗೆ ಹೋದ. ಸಂಜೆ ಕೆಲಸ ಬಿಟ್ಟು ಹೊರಬರುವಾಗ ಹೆಂಗಸರು ಗಂಡಸರು ಎನ್ನದೆ ಎಲ್ಲರೂ ಹುಬ್ಬಿನ ತನಕ ಬೆಳ್ಳಗಾಗಿರುತ್ತಿದ್ದರು. ಕೆಮ್ಮು ರಸ್ತೆಯವರೆಗೂ ಕೇಳುತ್ತಿತ್ತು. ನಾನು ಅಳತೆ ಪುಸ್ತಕ ತುಂಬಿ ಮನೆಗೆ ಹೋಗುತ್ತಿದ್ದೆ.

ಮಾರ್ಚ್ ಎರಡನೆಯ ವಾರ ದುರ್ಗಪ್ಪ ಹಾರೆ ಹಿಡಿದು ಏಣಿ ಹತ್ತುತ್ತಿದ್ದವನು ಮೂರನೇ ಮೆಟ್ಟಿಲಲ್ಲೇ ಕುಸಿದ. ತುಟಿ ನೀಲಿಗಟ್ಟಿತ್ತು. ಭರಮಪ್ಪನೂ ನಾನೂ ಅವನನ್ನು ಟಾಂಗಾದಲ್ಲಿ ದವಾಖಾನೆಗೆ ಒಯ್ದೆವು. ಅಲ್ಲಿದ್ದ ವಯಸ್ಸಾದ ಡಾಕ್ಟರು ಹಿಂದೆ ಚಿನ್ನದ ಗಣಿಯೊಂದರ ಆಸ್ಪತ್ರೆಯಲ್ಲಿ ದುಡಿದವರು. ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ನನ್ನೊಬ್ಬನನ್ನೇ ಒಳಗೆ ಕರೆದರು.

"ಊರಾಗ ಇದಕ್ಕ ಕ್ಷಯ ಅಂತಾರ. ಇದು ಕ್ಷಯ ಅಲ್ಲ, ಸಿಲಿಕೋಸಿಸ್. ಕಲ್ಲಿನ ಧೂಳು ಎದಿಯೊಳಗ ಕುಂತೈತಿ. ಔಷಧ ಇಲ್ಲ."

ನನ್ನ ಕೆಲಸದಿಂದ ಬಂದಿತೇ ಎಂದು ಕೇಳಿದೆ. ಇಲ್ಲ ಎನ್ನಲಿ ಎಂದು ಆಸೆಯಿತ್ತು.

"ಇಪ್ಪತ್ತ ವರ್ಷದ್ದು ಇದು. ಆದ್ರ ನಿಮ್ಮ ಎರಡ ತಿಂಗಳೂ ಅದರಾಗ ಅದಾವ."

ಮರಳುಗಲ್ಲಿನಲ್ಲಿ ಸಿಲಿಕಾ ಎಂಬ ಪದಾರ್ಥವಿದೆ, ಒಣಗಿದ ಕಲ್ಲನ್ನು ಒಡೆದಾಗ ಅದು ಕಣ್ಣಿಗೆ ಕಾಣದಷ್ಟು ನುಣ್ಣಗಾಗಿ ಉಸಿರಿನೊಡನೆ ಶ್ವಾಸಕೋಶಕ್ಕಿಳಿಯುತ್ತದೆ, ಅಲ್ಲಿ ಗಾಯ ಮಾಡಿ ಗಂಟುಗಟ್ಟಿಸುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಬಾಯಿಗೆ ಕಟ್ಟಿದ ವಸ್ತ್ರ ಆ ಧೂಳನ್ನು ತಡೆಯದಂತೆ. ತಡೆಯುವುದು ನೀರು ಮತ್ತು ಬಯಲು ಗಾಳಿ, ಎರಡೇ.

ಮರುದಿನ ತಂಡವನ್ನೆಲ್ಲ ಕೂಡಿಸಿ, ಡಾಕ್ಟರು ಹೇಳಿದ್ದನ್ನು ಮೇಷ್ಟ್ರ ಹಾಗೆ ನಿಂತು ಒಪ್ಪಿಸಿದೆ. ಕಲ್ಲನ್ನು ತೋಯಿಸದೆ ಒಡೆಯಬಾರದು ಎಂದೆ. ಹನಮವ್ವ ಬುಟ್ಟಿಯನ್ನು ಕೆಳಗಿಟ್ಟಳು.

"ಅದನ್ನ ನಮ್ಮ ಯಜಮಾನ್ರು ಮೊದಲನೇ ದಿನಾನ ಕೇಳಿದ್ರಲ್ರಿ. ಆವಾಗ ನೀವು ನಕ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ತಪ್ಪಾಯಿತು ಎನ್ನಬೇಕೆಂದು ಬಾಯಿ ತೆರೆದೆ. ಓವರ್‌ಸಿಯರ್ ಆದವನು ಆಳುಗಳ ಮುಂದೆ ಹಾಗನ್ನುವುದನ್ನು ನಾನು ಎಲ್ಲೂ ಕೇಳಿರಲಿಲ್ಲ. ಹಾಗೇ ಮುಚ್ಚಿದೆ. ನೇರವಾಗಿ ಮೂಡಲಗಿ ರಸ್ತೆಗೆ ಸೈಕಲ್ ತುಳಿದು, ಯಾರ ಅಪ್ಪಣೆಯನ್ನೂ ಕೇಳದೆ ನೀರಿನ ಗಾಡಿಯನ್ನು ಉಗ್ರಾಣಕ್ಕೆ ಹೊಡೆಸಿಕೊಂಡು ಬಂದೆ. ಅತ್ತ ರೋಲರ್ ನಿಂತಿತು. ವಾರದೊಳಗೆ ಮೇಲಿನಿಂದ ಕಾರಣ ಕೇಳಿ ಕಾಗದ ಬಂತು.

ಗಾಡಿ ಬಂದರೂ ಕೆಲಸ ಸುಧಾರಿಸಲಿಲ್ಲ. ತೋಯ್ದ ಕಲ್ಲಿನ ಮೇಲೆ ಉಳಿ ಜಾರುತ್ತದೆ ಎಂದು ಗಂಡಸರು, ಹಸಿ ಗಾರೆಯ ಬುಟ್ಟಿ ಕುತ್ತಿಗೆ ಮುರಿಯುತ್ತದೆ ಎಂದು ಹೆಂಗಸರು. ನಾನು ಬೆನ್ನು ತಿರುಗಿಸಿದೊಡನೆ ಮತ್ತೆ ಒಣ ಕೆಲಸ.

ನಾಲ್ಕನೆಯ ದಿನ ದುರ್ಗಪ್ಪ ಭರಮಪ್ಪನ ಹೆಗಲು ಹಿಡಿದುಕೊಂಡು ಬಂದ. ಕಲ್ಲಿನ ಮೇಲೆ ಕುಳಿತು ಅಂಗಿ ಬಿಚ್ಚಿದ. ಪಕ್ಕೆಲುಬು ಎಣಿಸಬಹುದಿತ್ತು.

"ಒಬ್ಬೊಬ್ಬರ ಬರ್ರಿ. ನನ್ನ ಬೆನ್ನಿಗೆ ಕಿವಿ ಹಚ್ರಿ," ಎಂದ.

ಮೊದಲು ಎದ್ದವಳು ಹನಮವ್ವ. ಗಂಡನ ಬೆನ್ನಿಗೆ ಕಿವಿಯಿಟ್ಟಳು. ಸೆರಗು ಬಾಯಿಗೆ ಒತ್ತಿಕೊಂಡು ಆಚೆ ಸರಿದಳು. ಆಮೇಲೆ ಭರಮಪ್ಪ, ಆಮೇಲೆ ಉಳಿದವರು. ಕೊನೆಗೆ ನಾನೂ ಕಿವಿಯಿಟ್ಟೆ. ಒಣ ಎಲೆಯ ಮೇಲೆ ಯಾರೋ ಮೆಲ್ಲಗೆ ಕಾಲಿಟ್ಟ ಹಾಗೆ ಸದ್ದು. ನಡುವೆ ಸಣ್ಣ ಸಿಳ್ಳೆ.

"ಕೇಳಿದ್ರಿಲ್ಲೋ? ಇನ್ನ ನೀರ ಹಾಕ್ರಿ," ಎಂದು ಅಂಗಿ ತೊಟ್ಟುಕೊಂಡ.

ಅಂದು ಮಧ್ಯಾಹ್ನ ಅವರೇ ಕೂತು ಕೆಲಸದ ರೀತಿಯನ್ನು ಗೊತ್ತುಮಾಡಿದರು. ಒಡೆಯಬೇಕಾದ ಗೋಡೆಯನ್ನು ಹಿಂದಿನ ಸಂಜೆಯೇ ತೋಯಿಸುವುದು. ಬೆಳಿಗ್ಗೆ ಮೇಲ್ಮೈ ತುಸು ಆರಿದರೆ ಉಳಿ ಜಾರುವುದಿಲ್ಲ, ಒಳಗೆ ಹಸಿ ಇರುತ್ತದೆ. ಬುಟ್ಟಿ ಅರ್ಧವೇ ತುಂಬುವುದು. ಒಣ ಕಸ ಗುಡಿಸದಿರುವುದು. ಕೆತ್ತನೆ ಹೊರಗೆ, ಗಾಳಿಗೆ ಬೆನ್ನು ಮಾಡಿ. ನನ್ನ ಭಾಷಣದಲ್ಲಿ ಇದರಲ್ಲಿ ಅರ್ಧವೂ ಇರಲಿಲ್ಲ. ಕೆಲಸ ಮೂರು ವಾರ ತಡವಾಯಿತು. ನನ್ನ ಸೇವಾ ಪುಸ್ತಕದಲ್ಲಿ ಒಂದು ಕಪ್ಪು ಸಾಲು ಬಿತ್ತು.

ದುರ್ಗಪ್ಪ ಆಷಾಢದಲ್ಲಿ ತೀರಿಕೊಂಡ. ಸುದ್ದಿ ತಿಳಿದು ಅವರ ಗುಡಿಸಲಿಗೆ ಹೋದಾಗ ಮಣ್ಣು ಮಾಡಿ ಮುಗಿದಿತ್ತು. ನಾನು ಕ್ಷಮೆ ಕೇಳಿದೆ. ಎಷ್ಟೋ ತಡವಾಗಿ ಕೇಳಿದೆ.

"ನಿಮ್ಮೊಬ್ಬರದಲ್ರಿ ಸಾಹೇಬ್ರ. ಎಲ್ಲಾರೂ ನಕ್ಕಾರ," ಎಂದಳು ಹನಮವ್ವ. ಮಾತಿನ ನಡುವೆ ಅವಳೂ ಎರಡು ಸಲ ಕೆಮ್ಮಿದಳು.

1943ರಲ್ಲಿ ನಾನು ಹುಕ್ಕೇರಿಯಲ್ಲಿದ್ದೆ. ಒಂದು ದಿನ ಹತ್ತರಗಿಯ ಬಳಿ ಹಳೆಯ ಕಲ್ಲುಕಟ್ಟಡವೊಂದನ್ನು ಕೆಡವುತ್ತಿದ್ದುದು ಕಂಡಿತು. ಖಾಸಗಿ ಗುತ್ತಿಗೆದಾರನ ಕೆಲಸ. ಧೂಳಿನ ಒಳಗಿಂದ ಒಬ್ಬ ಕೈಯೆತ್ತಿ ನಮಸ್ಕಾರ ಮಾಡಿದ. ಭರಮಪ್ಪ! ಅವನಿಗೆ ಗೊತ್ತಿತ್ತಲ್ಲ, ಮತ್ತೇಕೆ ಒಣ ಗೋಡೆಗೆ ಸುತ್ತಿಗೆ ಹಾಕುತ್ತಿದ್ದಾನೆ ಎಂದು ನನಗೆ ರೇಗಿತು.

"ಮರತ್ಯೇನೋ ಭರಮಪ್ಪ?"

"ಮರಿಯಾಕ ಹೆಂಗ ಬರ್ತೈತ್ರಿ? ಮೂರ ಸಲ ನೀರ ಕೇಳೇನಿ. ಬ್ಯಾಡಾದ್ರ ಮನಿಗಿ ಹೋಗು ಅಂದ್ರು." ಅವನು ಸುತ್ತಿಗೆಯ ಹಿಡಿಯನ್ನು ಒರೆಸಿಕೊಂಡ. "ಮನಿಗಿ ಹೋಗಿ ಏನ್ ಮಾಡ್ಲಿ ಹೇಳ್ರಿ?"

ಗುತ್ತಿಗೆದಾರನ ಬಳಿ ಹೋಗಿ ಎಲ್ಲವನ್ನೂ ವಿವರಿಸಿದೆ. ಅವನು ಕುರ್ಚಿ ಹಾಕಿಸಿದ, ಚಹಾ ತರಿಸಿದ, ವಿನಯದಿಂದ ತಲೆಯಾಡಿಸಿದ. ಎರಡು ದಿನ ಬಿಟ್ಟು ಅದೇ ದಾರಿಯಲ್ಲಿ ಹೋದಾಗ ಧೂಳು ಹಾಗೆಯೇ ಏಳುತ್ತಿತ್ತು. ಆ ಕೆಲಸದ ಮೇಲೆ ನನಗೆ ಯಾವ ಅಧಿಕಾರವೂ ಇರಲಿಲ್ಲ.

ಮುಂದೆ ನನ್ನ ಕೈಕೆಳಗೆ ಬಂದ ಒಂದು ಕಲ್ಲುಗೋಡೆಯನ್ನೂ ನಾನು ಒಣಗಿದ್ದಾಗ ಮುಟ್ಟಗೊಡಲಿಲ್ಲ. ಹೊಸದಾಗಿ ಸೇರಿದ ಓವರ್‌ಸಿಯರ್‌ಗಳನ್ನು ಕೂಡಿಸಿ ಧೂಳಿನ ವಿಷಯ ಹೇಳಿದೆ, ಆಳುಗಳಿಗಿಂತ ಮೊದಲು ಅವರಿಗೇ. ಕಲ್ಲು ಒಡೆಯುವವನಿಗೆ ಧೂಳಿನ ಕೇಡು ನಮಗಿಂತ ಮುಂಚೆ ಗೊತ್ತಿರುತ್ತದೆ. ನೀರು ತರಿಸುವ ಅಧಿಕಾರ ಮಾತ್ರ ಅವನಲ್ಲಿರುವುದಿಲ್ಲ. ಪಾಠ ಬೇಕಾದದ್ದು ಆ ಅಧಿಕಾರ ಇದ್ದವರಿಗೆ.