ಮಕ್ಕಳು ಹೆಸರಿಟ್ಟ ‘ಮುಟ್ಬೇಡಿ ಅಕ್ಕ’

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಲಾ ಸಂಗ್ರಹಾಲಯದ ಹಿಂಬಾಗಿಲ ಬೀಗ ತೆಗೆದು ಒಳಬರುವ ಆಕೆ ಒಂಬತ್ತು ಕೋಣೆಗಳ ದೀಪ ಹಾಕುತ್ತಾರೆ. ಚಿತ್ರಗಳ ಮುಂದೆ ಕಟ್ಟಿದ ಹಗ್ಗ ಬಿಗಿಯಾಗಿದೆಯೇ ಎಂದು ಬೆರಳಿನಿಂದ ಮೀಟಿ ನೋಡುತ್ತಾರೆ. ಹೊಸ ಪ್ರದರ್ಶನ ನೋಡಲು ಇವತ್ತು ಎರಡು ಹೈಸ್ಕೂಲುಗಳಿಂದ ನೂರ ಹದಿನೆಂಟು ಮಕ್ಕಳು ಬರುತ್ತಾರೆ.

“ಅಂದ್ರೆ ಇನ್ನೂರ ಮೂವತ್ತಾರು ಕೈ. ನಾವು ತಲೆ ಎಣಿಸಲ್ಲ, ಕೈ ಎಣಿಸ್ತೀವಿ,” ಎಂದು ನಗುತ್ತಾರೆ.

ಇಪ್ಪತ್ತೆರಡು ವರ್ಷಗಳಿಂದ ಇಲ್ಲಿ ಕಾವಲು. ದಿನಕ್ಕೆ ಏಳು ಗಂಟೆ ನಿಂತೇ ಇರಬೇಕು, ಗೋಡೆಗೆ ಒರಗುವಂತಿಲ್ಲ. ಮಂಡಿಗಳು ಮಾತು ಕೇಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ. ಗಂಡ ತೀರಿಕೊಂಡ ವರ್ಷ ಹಿಡಿದ ಈ ಕೆಲಸವೇ ಮಗಳನ್ನು ಓದಿಸಿ ದಡ ಸೇರಿಸಿದೆ. ‘ಮುಟ್ಬೇಡಿ ಅಕ್ಕ’ ಎಂಬುದು ಶಾಲಾಮಕ್ಕಳು ಇಟ್ಟ ಹೆಸರು. “ಮನೇಲೂ ಬಾಯಿಗೆ ಅದೇ ಬಂದ್ಬಿಡತ್ತೆ. ‘ಅಮ್ಮಾ, ಇದು ನಮ್ಮದೇ ಬೀರು’ ಅಂತಾಳೆ ಮಗಳು.”

ಹನ್ನೊಂದು ವರ್ಷಗಳ ಹಿಂದಿನ ಒಂದು ದಿನದ ಮಾತು ಬಂದಾಗ ಮಾತ್ರ ಆ ನಗು ಇರುವುದಿಲ್ಲ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹಗ್ಗದ ಮೇಲೆ ಬಾಗಿ, ಮೂಗು ತಗಲುವಷ್ಟು ಹತ್ತಿರದಿಂದ ಚಿತ್ರ ನೋಡುತ್ತಿದ್ದಳು. ಇವರು ಓಡಿಹೋಗಿ ರಟ್ಟೆ ಹಿಡಿದು ಎಳೆದರು. “ಕಣ್ಣು ಕಾಣಲ್ವಾ ನಿಂಗೆ?”

“ಕಾಣಲ್ಲ ಅಕ್ಕಾ,” ಅಂದಳಂತೆ ಹುಡುಗಿ, ಮೆಲ್ಲಗೆ. “ಹತ್ರ ಹೋದ್ರೆ ಒಂಚೂರು ಕಾಣತ್ತೆ.”

ಯಾರೋ ಕಿಸಕ್ಕೆಂದರು. ಜೊತೆಗೆ ಬಂದಿದ್ದ ಶಾಲೆಯ ಮೇಡಂ ಹುಡುಗಿಯನ್ನು ಹೊರಗೆ ಕರೆದೊಯ್ದರು. ಉಳಿದವರು ಎಲ್ಲ ನೋಡಿ ಮುಗಿಸುವವರೆಗೂ ಅವಳು ಬಸ್ಸಿನಲ್ಲಿ ಒಬ್ಬಳೇ ಕುಳಿತಿದ್ದಳು.

“ಕಿಟಕಿಯಿಂದ ಕಾಣ್ತಾ ಇದ್ಲು. ಹೋಗ್ಬಹುದಿತ್ತು, ಹೋಗ್ಲಿಲ್ಲ. ಎಲ್ಲರೆದುರು ಬೈದೋಳಿಗೆ ಎಲ್ಲರೆದುರು ತಪ್ಪಾಯ್ತು ಅನ್ನೋಕೆ ಬಾಯಿ ಬರ್ಲಿಲ್ಲ.”

ಎರಡು ತಿಂಗಳು ಮೀನಮೇಷ ಎಣಿಸಿ ಕೊನೆಗೆ ಶಾಲೆಗೆ ಹೋದರು. ಅಪ್ಪನಿಗೆ ವರ್ಗವಾಗಿ ಹುಡುಗಿ ಊರು ಬಿಟ್ಟಾಗಿತ್ತು. ಎಲ್ಲಿಗೆ ಹೋದಳೆಂದು ಯಾರಿಗೂ ಗೊತ್ತಿರಲಿಲ್ಲ.

ಅಂದಿನಿಂದ ಸಂಗ್ರಹಾಲಯದ ಸಾಹೇಬರ ಬೆನ್ನು ಹತ್ತಿದರು. ದೃಷ್ಟಿ ಮಂದವಿರುವ ಮಕ್ಕಳಿಗೆ ಬಾಗಿಲು ತೆರೆಯುವ ಮೊದಲು ಒಂದು ಗಂಟೆ ಕೊಡಿ, ಹಗ್ಗ ಬಿಚ್ಚಿ ನಾನೇ ಪಕ್ಕದಲ್ಲಿ ನಿಲ್ಲುತ್ತೇನೆ ಎಂದರು. ಒಪ್ಪಿಗೆ ಸಿಗಲು ನಾಲ್ಕು ವರ್ಷ ಬೇಕಾಯಿತು. ಆ ಒಂದು ಗಂಟೆಗೆ ಸಂಬಳವಿಲ್ಲ. ಇದುವರೆಗೆ ಅರವತ್ತಮೂರು ಮಕ್ಕಳು ಹೀಗೆ ನೋಡಿದ್ದಾರೆ.

ಇವತ್ತು ಅರವತ್ತನಾಲ್ಕನೆಯವಳು, ದಪ್ಪ ಕನ್ನಡಕದ ಹುಡುಗಿ, ಮೇಷ್ಟ್ರ ಜೊತೆ ಬೇಗನೆ ಬಂದು ಬಾಗಿಲಲ್ಲೇ ಹಿಂಜರಿಯುತ್ತಾಳೆ. “ಬಾ ಪುಟ್ಟಿ. ಹತ್ರ ಬಾ. ಇನ್ನೂ ಹತ್ರ.” ಹುಡುಗಿ ಕೈ ಹಿಂದೆ ಕಟ್ಟಿ, ಮೊದಲಿನಿಂದಲೂ ಇಲ್ಲಿರುವ ಚಿತ್ರವೊಂದನ್ನು ಗೇಣುದ್ದದ ದೂರದಿಂದ ಇಂಚಿಂಚು ನೋಡುತ್ತಾಳೆ. ಇದ್ದಕ್ಕಿದ್ದಂತೆ, “ಅಕ್ಕಾ, ಬಣ್ಣದಲ್ಲಿ ಬ್ರಶ್ಶಿನ ಕೂದಲು ಅಂಟ್ಕೊಂಡಿದೆ!” ಅನ್ನುತ್ತಾಳೆ. ಅಕ್ಕ ಬಗ್ಗಿ ನೋಡುತ್ತಾರೆ. ಇಷ್ಟು ವರ್ಷ ಕಾದ ಚಿತ್ರದಲ್ಲಿ ಅದನ್ನು ಕಂಡೇ ಇರಲಿಲ್ಲವಂತೆ.

ಮುಂದಿನ ವರ್ಷ ನಿವೃತ್ತಿ. ಏನಾದರೂ ಆಸೆ ಉಳಿದಿದೆಯೇ ಎಂದರೆ, ಬಿಚ್ಚಿದ ಹಗ್ಗವನ್ನು ಮತ್ತೆ ಕಟ್ಟುತ್ತಾ ಹೇಳುತ್ತಾರೆ.

“ಆ ಹುಡುಗಿಗೆ ಈಗ ಇಪ್ಪತ್ತೈದಾಗಿರ್ಬೇಕು. ಸಿಕ್ಕಿದ್ರೆ ತಪ್ಪಾಯ್ತು ಅಂತೀನಿ, ಅದು ಇದ್ದದ್ದೇ. ಆಮೇಲೆ ಕೇಳ್ಬೇಕು, ಅವತ್ತು ಚಿತ್ರದಲ್ಲಿ ಎಲ್ಲೀವರೆಗೆ ನೋಡಿದ್ದೆ ಮಗಾ ಅಂತ.”