ನಕ್ಷೆಯಲ್ಲಿಲ್ಲದ ವಾಲ್ವ್ ಹುಡುಕಿ ಹರಿಹರಕ್ಕೆ

ಬೆಳಿಗ್ಗೆ ಹತ್ತೂವರೆಗೆ ದಾವಣಗೆರೆಯಲ್ಲಿ ಹರಿಹರದ ಬಸ್ಸು ಹತ್ತಿದೆ. ಹದಿನಾಲ್ಕು ಕಿಲೋಮೀಟರಿನ ದಾರಿಯನ್ನು ಪ್ರವಾಸವೆಂದು ಬರೆಯಲು ನನಗೇನೂ ನಾಚಿಕೆಯಿಲ್ಲ. ಕಾಶಿಗೆ ಹೋದ ನನ್ನಕ್ಕ ತಂದದ್ದು ಒಂದು ತಂಬಿಗೆ ನೀರು. ನಾನು ಹೊರಟಿದ್ದು ಇಡೀ ಓಣಿಯ ನೀರು ತರಲು.

ಹಳೇ ಪೇಟೆಯ ತುದಿಯ ನಮ್ಮ ಓಣಿಯಲ್ಲಿ ಹನ್ನೊಂದು ಮನೆಗಳ ನಲ್ಲಿ ಮೂರು ತಿಂಗಳಿಂದ ಒಣಗಿತ್ತು. ನೆಲದಡಿಯ ವಾಲ್ವ್ ಸಿಕ್ಕಿಕೊಂಡಿದೆ ಎಂದು ನಾವು, ಅಲ್ಲಿ ವಾಲ್ವೇ ಇಲ್ಲ ಎಂದು ಪಾಲಿಕೆ ಕಚೇರಿ. ಹಿಂದೆ ಡಾಂಬರು ಹಾಕಿದವರು ಅದರ ಮುಚ್ಚಳವನ್ನೂ ಸೇರಿಸಿ ಬಳಿದು ಹೋಗಿದ್ದರು. ಈಗ ಕಾಂಕ್ರೀಟ್ ರಸ್ತೆಯ ಸರದಿ, ಅದೂ ಅವತ್ತೇ ಸಂಜೆ. ಅದು ಬಿದ್ದರೆ ನಮಗೆ ಶಾಶ್ವತವಾಗಿ ಟ್ಯಾಂಕರೇ ಗತಿ. "ನಕ್ಷೆಯಾಗ ಇಲ್ಲ ಅಮ್ಮಾರೆ. ಹಳೇ ನಕ್ಷೆ ಇದ್ರೆ ಹರಿಹರದ ಪಂಪ್‌ಹೌಸ್‌ನಾಗ ಇರಬೇಕು. ತಂದು ತೋರ್ಸ್ರಿ, ಕೆಲ್ಸ ನಿಲ್ಲಿಸ್ತೀನಿ" ಎಂದಿದ್ದ ಪಾಲಿಕೆಯ ಎಂಜಿನಿಯರ್. ನಾನು ಹೋಗಲಾರೆ ಎಂಬ ಧೈರ್ಯದಿಂದ ಆಡಿದ ಮಾತದು. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲಿಗೆ ಹರಿಹರ ಯಾವ ಲೆಕ್ಕ?

ಕಂಡಕ್ಟರ್ ಆಧಾರ್ ನೋಡಿ ಫ್ರೀ ಟಿಕೆಟ್ ಹರಿದ. "ಹರಿಹರೇಶ್ವರನ ದರ್ಶನಕ್ಕೇನ್ರಿ?" ಎಂದ.

"ಇಲ್ಲಪ್ಪ, ನಲ್ಲಿ ದರ್ಶನಕ್ಕೆ" ಎಂದೆ. ಪಕ್ಕದಲ್ಲಿದ್ದವರು ನಕ್ಕರು, ಅವರ ಮನೆಯಲ್ಲಿ ನೀರು ಬರುತ್ತಿರಬೇಕು.

ಹರಿಹರದಲ್ಲಿ ಇಳಿದಾಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಆಟೋದವನು ನಲವತ್ತು ರೂಪಾಯಿ ಪಡೆದು ಹೊಳೆದಂಡೆಯ ಹಳೇ ಪಂಪ್‌ಹೌಸಿಗೆ ಬಿಟ್ಟ. ಕಾವಲುಗಾರ ಪಾಪ ಒಳ್ಳೆಯವನು, ಬೀರು ತೆಗೆದು ತೋರಿಸಿದ. ಒಳಗೆ ನಕ್ಷೆಯ ಸುರುಳಿಗಳ ಬದಲು ಮಣ್ಣಿನ ಪುಡಿ ಇತ್ತು.

"ಗೆದ್ದಲು ಓದಿ ಮುಗಿಸೈತ್ರಿ" ಎಂದರು ಬಾಗಿಲ ಬಳಿ ಕೂತಿದ್ದ ಮುದುಕರು. ಹೆಸರು ನಾಗಪ್ಪ. ದಾವಣಗೆರೆಯ ಓಣಿಗಳಿಗೆ ನೀರು ಬಿಡುತ್ತಿದ್ದ ವಾಲ್ವ್‌ಮನ್. ನಿವೃತ್ತರಾದ ಮೇಲೂ ದಿನಾ ಬೆಳಿಗ್ಗೆ ಇಲ್ಲಿಗೆ ಬಂದು ಕೂರುತ್ತಾರಂತೆ.

ನನಗೆ ಅಳು ಬರುವಂತಾಗಿತ್ತು. ಅವರು ಅದನ್ನು ನೋಡಿ, "ಬರ್ರಿ, ನಿಮ್ಮ ನಲ್ಲಿ ಎಲ್ಲಿ ಹುಟ್ಟೈತೆ ತೋರಿಸ್ತೀನಿ" ಎಂದು ದಂಡೆಯ ದೊಡ್ಡ ಬಾವಿಯ ಬಳಿ ಕರೆದೊಯ್ದರು. ಇಣುಕಿದರೆ ತಂಪು ಗಾಳಿ ಮುಖಕ್ಕೆ ಬಡಿಯಿತು. ತಳದಲ್ಲಿ ಕಪ್ಪನೆಯ ಕಮಾನಿನ ಬಾಯಿ ಕಂಡಿತು.

"ಅದು ಸುರಂಗ. ಹೊಳೆ ತಳದಿಂದ ಬಂದೈತೆ. ಹೊಳೆ ಎಷ್ಟು ಬತ್ತಿದ್ರೂ ನೀರು ತಾನೇ ಹರ್ಕೊಂಡು ಬಾವಿಗೆ ಬರ್ತಿತ್ತು, ಇಲ್ಲಿಂದ ಪಂಪು, ಆಮೇಲೆ ಪೈಪು. ಅದಕ್ಕೂ ಮುಂಚೆ ನಿಮ್ಮೂರೋರು ಹೊಂಡದ ನೀರು ಸೋಸಿ ಕುಡಿತಿದ್ರು. ನಮ್ಮಪ್ಪ ಇದರೊಳಗೆ ಮಂಡಿ ಊರಿ ಕಲ್ಲು ಹೊತ್ತಿದ್ದ. ಯಾವ ನಕ್ಷೆಯಾಗ ಅವನ ಹೆಸರೈತೆ?"

ಹೊಳೆಯಾಚೆ ಹೊಲಗಳು ಹಸಿರಾಗಿದ್ದವು. ಇಷ್ಟು ನೀರಿಟ್ಟುಕೊಂಡು ಹನ್ನೊಂದು ಮನೆ ಕೊಡ ಹಿಡಿದು ನಿಲ್ಲಬೇಕೇ? ದೇವರು ವರ ಕೊಟ್ಟರೂ ಪೂಜಾರಿ ಕೊಡ. ನನಗೆ ಅಳು ಹೋಗಿ ಸಿಟ್ಟು ಬಂತು. ಓಣಿಯ ಗುರುತು ಹೇಳಿದೆ.

"ಹಿಟ್ಟಿನ ಗಿರಣಿ ಓಣಿ? ಗಿರಣಿ ಕಟ್ಟೆಯಿಂದ ಹದಿನೆಂಟು ಹೆಜ್ಜೆ. ಎಷ್ಟೋ ವರ್ಷ ನಾನೇ ತಿರುವೀನಿ. ನಕ್ಷೆ ಬ್ಯಾಡ, ನಡೀರಿ, ನಾನೇ ಬರ್ತೀನಿ."

ಬಸ್ ಸ್ಟ್ಯಾಂಡಿನ ಎದುರು ಮಂಡಕ್ಕಿ ಮಿರ್ಚಿ ತಿಂದು ಹೊರಟೆವು. ಅವರ ಹೆಗಲ ಮೇಲೆ ವಾಲ್ವ್ ತಿರುವುವ ಉದ್ದನೆಯ ಕಬ್ಬಿಣದ ಚಾವಿ. ದಾರಿಯುದ್ದಕ್ಕೂ ಪೈಪು ಎಲ್ಲಿ ರಸ್ತೆಯಡಿ ನುಸುಳುತ್ತದೆ, ಎಲ್ಲಿ ಹೊಲಕ್ಕೆ ಹೊರಳುತ್ತದೆ ಎಂದು ಕಿಟಕಿಯಿಂದ ತೋರಿಸುತ್ತಲೇ ಇದ್ದರು.

ಓಣಿಗೆ ಬಂದಾಗ ಮೂರು ಗಂಟೆ. ಕಾಂಕ್ರೀಟ್ ಲಾರಿ ಆಗಲೇ ಡ್ರಮ್ಮು ತಿರುಗಿಸುತ್ತಾ ನಿಂತಿತ್ತು. ನಕ್ಷೆಯ ಬದಲು ಮನುಷ್ಯನನ್ನೇ ತಂದದ್ದು ನೋಡಿ ಎಂಜಿನಿಯರ್ ಒಂದು ಗುಂಡಿಗೆ ಒಪ್ಪಿದ. ನಾಗಪ್ಪನವರು ಹದಿನೆಂಟು ಹೆಜ್ಜೆ ಅಳೆದರು, ಕೆಲಸದವರು ಅಗೆದರು. ಬರೀ ಮಣ್ಣು. ಎಂಜಿನಿಯರ್ ಗಡಿಯಾರ ನೋಡಿದ. ನಾನು ಮನೆಯಿಂದ ಕುರ್ಚಿ ತಂದು ಗುಂಡಿಯ ಪಕ್ಕ ಕೂತೆ.

"ಅಮ್ಮಾರೆ, ಏಳ್ರಿ."

"ಇನ್ನೊಮ್ಮೆ ಅಗೀರಿ. ಇಲ್ಲಾ, ನನ್ನ ಮ್ಯಾಲೇ ಸುರೀರಿ."

ನಾಗಪ್ಪನವರು ಗಿರಣಿಯನ್ನೇ ನೋಡುತ್ತಿದ್ದರು. "ಇದರ ಮುಂದೊಂದು ಕಟ್ಟೆ ಇತ್ತಲ್ಲ, ಎಲ್ಲಿ ಹೋತು?" ಎಂದರು. ರಸ್ತೆ ಅಗಲ ಮಾಡುವಾಗ ಒಡೆದಿದ್ದರು. ಅವರು ಗೋಡೆಯಿಂದ ಅಳೆದಿದ್ದರು, ಕಟ್ಟೆಯ ಅಂಚಿನಿಂದಲ್ಲ. ಕಟ್ಟೆಯ ಅಗಲದಷ್ಟು, ಮೂರು ಹೆಜ್ಜೆ, ಮುಂದೆ ಹೋದರು. ಒಂದು ಗೇಣು ಅಗೆಯುವಷ್ಟರಲ್ಲಿ ಹಾರೆ ಠಣ್ ಎಂದಿತು.

ಪಕ್ಕದ ಓಣಿಗೆ ನೀರು ಬಿಡುವ ಹೊತ್ತದು, ಪೈಪು ತುಂಬಿತ್ತು. ಮುಚ್ಚಳ ಎತ್ತಿ, ಚಾವಿಗೆ ಇಬ್ಬರು ಜೋತುಬಿದ್ದು ತಿರುವಿದರು. ಕೊನೆಯ ಮನೆಯ ನಲ್ಲಿ ಕೆಮ್ಮಿ, ಕೆಂಪು ನೀರು ಕಾರಿ, ಆಮೇಲೆ ತಿಳಿಯಾಯಿತು. ನಾನು ಬಾಯಿಬಿಟ್ಟು ಅತ್ತೆ.

"ಬಂತಲ್ರಿ, ಇನ್ನ ಏಳ್ರಿ. ಇದನ್ನ ಮುಚ್ಚಿ ಕಾಂಕ್ರೀಟ್ ಹಾಕಿಬಿಡ್ತೀವಿ" ಎಂದ ಎಂಜಿನಿಯರ್.

"ಹಿಂದಿನೋರೂ ಹಿಂಗೇ ಮುಚ್ಚಿದ್ದು. ಸುತ್ತ ಇಟ್ಟಿಗೆ ಕಟ್ಟಿ ಮುಚ್ಚಳ ಮ್ಯಾಲೆ ತರ್ರಿ. ನಕ್ಷೆಯಾಗ ಈಗ್ಲೇ ಬರೀರಿ. ಆಮೇಲೆ ಏಳ್ತೀನಿ."

ಹತ್ತು ಮನೆಗಳಿಂದ ಇನ್ನೂ ಹತ್ತು ಕುರ್ಚಿ ಬಂದವು. ಅವನು ಜೀಪಿನ ಮೇಲೆ ನಕ್ಷೆ ಹರಡಿ ಪೆನ್ನು ತೆಗೆದ. ನಾಗಪ್ಪನವರು ಬೆರಳಿಟ್ಟು ಜಾಗ ತೋರಿಸಿ, ಆರರ ಬಸ್ಸಿಗೆ ಹರಿಹರಕ್ಕೆ ಹೊರಟರು.

ಆ ಮುಚ್ಚಳ ಹೊಸ ರಸ್ತೆಗಿಂತ ಅರ್ಧ ಬೆರಳು ಎತ್ತರ ಉಳಿದಿದೆ. ಸ್ಕೂಟರಿನವರು ಬೈಯುತ್ತಾರೆ, ಸಮ ಮಾಡಿಸಿ ಎನ್ನುತ್ತಾರೆ. ನಾನು ಮುಟ್ಟಲು ಬಿಟ್ಟಿಲ್ಲ. ಎಡವಲಿ. ಎಡವಿದವರಿಗಾದರೂ ಇಲ್ಲಿ ನೀರಿದೆ ಎಂದು ಗೊತ್ತಿರಲಿ.